ಆಮ್ಲದ ಪಂಪಿನ ಶಾಫ್ಟಿಗೆ ಯಾವ ನಿಕಲ್ ಮಿಶ್ರಲೋಹ?

ಪ್ರಶ್ನೆ – ಲೇತ್ ಅಂಗಡಿಯವನು, ದಾವಣಗೆರೆ
ಗ್ರಾಹಕರೊಬ್ಬರು ಕಬ್ಬಿಣದ ತುಕ್ಕು ತೆಗೆಯುವ ಹೈಡ್ರೋಕ್ಲೋರಿಕ್ ಆಮ್ಲದ ತೊಟ್ಟಿಯ ಪಂಪು ತಂದಿದ್ದಾರೆ. 316 ಸ್ಟೇನ್‌ಲೆಸ್ ಸ್ಟೀಲಿನ ಶಾಫ್ಟು ಎರಡೇ ತಿಂಗಳಲ್ಲಿ ಗೆದ್ದಲು ತಿಂದ ಬಾಗಿಲ ಚೌಕಟ್ಟಿನಂತಾಗಿದೆ. ಉಗುರು ಆಡಿಸಿದರೆ ಗುಳಿ ಸಿಗುತ್ತದೆ. ಒಬ್ಬರು ಇಂಕೊನೆಲ್ 718 ಎನ್ನುತ್ತಾರೆ, ಇನ್ನೊಬ್ಬರು ಮೊನೆಲ್ 400. ಯಾವುದನ್ನು ತರಿಸಲಿ?

ಉತ್ತರ – ಹರಿಹರದಿಂದ
ಎರಡೂ ಬೇಡ ಅಣ್ಣಾ. 718ರ ಬಲವೆಲ್ಲ ಶಾಖ ಸಂಸ್ಕರಣೆಯಿಂದ ಬರುವುದು. ಅದು ಜೆಟ್ ಎಂಜಿನ್ನಿಗೆ ಒಪ್ಪುವ ಲೋಹ. ನಿಮ್ಮ ಶಾಫ್ಟು ಮುರಿದಿಲ್ಲ, ಕರಗಿದೆ. ಮೊನೆಲ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ತಾಮ್ರ. ಬಳಸಿದ ಆಮ್ಲದಲ್ಲಿ ಕರಗಿದ ಕಬ್ಬಿಣ ಗಾಳಿ ತಾಗಿ ಫೆರಿಕ್ ಕ್ಲೋರೈಡ್ ಆಗುತ್ತದೆ, ಅದು ಮೊನೆಲ್ಲನ್ನು ಬಿಡುವುದಿಲ್ಲ. ಹ್ಯಾಸ್ಟೆಲಾಯ್ ಸಿ-276 ಎಂಬ ನಿಕಲ್ ಮಿಶ್ರಲೋಹ ನೋಡಿ: ಆಮ್ಲದ ಕೊರೆತ ತಡೆಯುವ ಮಾಲಿಬ್ಡಿನಮ್ ಮತ್ತು ಕ್ರೋಮಿಯಂ ತಲಾ ಸುಮಾರು 16 ಶೇಕಡಾ. ಬಲ 718ಕ್ಕಿಂತ ಬಹಳ ಕಡಿಮೆ, ಆದರೂ 316ಕ್ಕೆ ಸೋಲುವುದಿಲ್ಲ. ಆಮ್ಲ ಬಿಸಿಯಿದ್ದರೆ ಮಾತ್ರ ಮತ್ತೆ ಕೇಳಿ.

ಉತ್ತರ – ಚಿತ್ರದುರ್ಗದಿಂದ
ಸಿ-276 ಲೇತ್ ಮೇಲೆ ಹಾಕುವಾಗ ಹುಷಾರು. ಕತ್ತರಿಸದೆ ಬರಿದೇ ಉಜ್ಜಿದರೆ ಮೇಲ್ಮೈ ಗಟ್ಟಿಯಾಗಿ ಮುಂದಿನ ಕಟ್‌ಗೆ ಟೂಲಿನ ಮೂತಿ ಹೋಗುತ್ತದೆ. ವೇಗ ಕಡಿಮೆ, ಕಟ್ ಆಳ, ಚೂಪಾದ ಕಾರ್ಬೈಡ್, ಕೂಲೆಂಟ್ ಧಾರಾಳ. ನಾನೊಂದು ತುಂಡು ಕೆಡಿಸಿ ಕಲಿತದ್ದು.

ಪ್ರಶ್ನೆ ಕೇಳಿದವನು
ಆಮ್ಲ ತಣ್ಣಗೇ ಇದೆಯಂತೆ. ಸಿ-276ರ ಬೆಲೆ ಕೇಳಿ ಗ್ರಾಹಕರು ಕುರ್ಚಿ ಹಿಡಿದು ಕುಳಿತರು. ನಾಳೆ ಮತ್ತೆ ಬರುತ್ತಾರೆ.