ಪದಚರ್ಚೆ: ಹೊಟ್ಟೆಯಲ್ಲಿ ಮರಿ ಇರುವ ಮೀನು ‘ಬಸುರಿ’ಯೋ, ‘ಗಬ್ಬ’ವೋ?

ಗೆಳೆಯರೇ, ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಒಂದೇ ಒಂದು ಪದ ಸಿಗದೆ ಮೂರು ದಿನದಿಂದ ಅಲ್ಲೇ ನಿಂತಿದ್ದೇನೆ.

ವಿಷಯ ಒಂದು ಮೀನಿನ ಪಳೆಯುಳಿಕೆ. ಹೆಸರು ಮೇಟರ್‌ಪಿಸಿಸ್, ಲ್ಯಾಟಿನ್‌ನಲ್ಲಿ ‘ತಾಯಿ ಮೀನು’ ಅಂತ. ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಸೀಮೆಯ ಗೋಗೋ ಎಂಬಲ್ಲಿ 2005ರಲ್ಲಿ ಸಿಕ್ಕಿತು. ಪಳೆಯುಳಿಕೆ ವಿಜ್ಞಾನಿ ಜಾನ್ ಲಾಂಗ್ ಮತ್ತು ಜೊತೆಗಾರರು 2008ರಲ್ಲಿ ಅದರ ವಿವರ ಪ್ರಕಟಿಸಿದರು. ಸುಮಾರು 38 ಕೋಟಿ ವರ್ಷ ಹಳೆಯದು. ಉದ್ದ ಗೇಣಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದರ ಹೊಟ್ಟೆಯಲ್ಲಿ ಒಂದು ಮರಿ ಇದೆ. ತಿಂದ ಮೀನಲ್ಲ, ಯಾಕೆಂದರೆ ಅದರ ಪುಟ್ಟ ಎಲುಬುಗಳು ಮುರಿದಿಲ್ಲ, ಕರಗಿಲ್ಲ. ಹೊಕ್ಕುಳಬಳ್ಳಿಯೂ ಕಲ್ಲಾಗಿ ಉಳಿದಿದೆ! ಎಲುಬಿನ ಪ್ರಾಣಿಗಳು ಮರಿ ಹಾಕಿದ್ದಕ್ಕೆ ಅಷ್ಟು ಹಳೆಯ ಸಾಕ್ಷಿ ಅದಕ್ಕೂ ಮೊದಲು ಸಿಕ್ಕಿರಲಿಲ್ಲ.

ಈಗ ಇದನ್ನು ಏನೆಂದು ಕರೆಯಲಿ? ‘ಗರ್ಭಿಣಿ ಮೀನು’ ಅಂದರೆ ಆಸ್ಪತ್ರೆಯ ಬೋರ್ಡ್ ನೆನಪಾಗುತ್ತದೆ. ‘ಬಸುರಿ’ ಹೆಂಗಸರಿಗೆ ಹೇಳುವ ಮಾತು. ಹಸು ಎಮ್ಮೆಗಾದರೆ ‘ಗಬ್ಬ’ ಅನ್ನುತ್ತೇವೆ, ಆಮೇಲೆ ‘ಈಯಿತು’ ಅನ್ನುತ್ತೇವೆ. ನಮ್ಮೂರಲ್ಲಿ ಎಮ್ಮೆಯನ್ನು ಯಾರೂ ಬಸುರಿ ಅನ್ನುವುದಿಲ್ಲ. ಹಾಗಂತ ಮೀನು ಈಯಿತು ಅಂದರೆ ಕಿವಿಗೆ ಒಗ್ಗುತ್ತಿಲ್ಲ. ‘ತತ್ತಿ ಇರುವ ಮೀನು’ ಎಲ್ಲರಿಗೂ ಗೊತ್ತು, ಆದರೆ ಇದರಲ್ಲಿ ತತ್ತಿಯೇ ಇಲ್ಲ. ಸದ್ಯಕ್ಕೆ ‘ಬಸುರಿ ಮೀನು’ ಅಂತ ಬರೆದುಕೊಂಡಿದ್ದೇನೆ. ಮಕ್ಕಳಿಗೆ ಆಪ್ತವಾಗುತ್ತದೆ ಅನ್ನಿಸಿತು.

ಕರಾವಳಿಯವರು ಇಲ್ಲಿ ನೆರವಾಗಬೇಕು. ನಿಮ್ಮಲ್ಲಿ ತಾಟೆ (ಶಾರ್ಕ್), ತೊರಕೆ (ರೇ ಮೀನು) ಕೊಯ್ಯುವಾಗ ಎಷ್ಟೋ ಸಲ ಹೊಟ್ಟೆಯಲ್ಲಿ ಮರಿ ಸಿಗುತ್ತವೆ ಅಲ್ವಾ? ಅಂಥ ಮೀನಿಗೆ ಮೀನುಗಾರರ ಬಾಯಲ್ಲಿ ಏನು ಹೆಸರು? ಕುಂದಾಪುರದ ಕಡೆಯ ಮಾತಾದರೂ ಸರಿ, ತುಳುವಾದರೂ ಸರಿ. ಬಳಕೆಯಲ್ಲಿರುವ ಮಾತು ಇದ್ದರೆ ನಾನು ಹೊಸದನ್ನು ಕಟ್ಟುವುದಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ಇವತ್ತು ಗೋಗೋ ಒಣ ಹುಲ್ಲುಗಾವಲು, ದನ ಮೇಯುವ ನೆಲ. ಆಗ ಅಲ್ಲಿ ಬೆಚ್ಚಗಿನ ಕಡಲು. ಆ ಕಡಲಿನ ದಿಬ್ಬದ (ಇಂಗ್ಲಿಷಿನ ‘ರೀಫ್’) ಪಕ್ಕ, ಆಳದ ಕೆಸರಿಗೆ ಬಿದ್ದ ಮೀನುಗಳ ಸುತ್ತ ಸುಣ್ಣ ಉಂಡೆಗಟ್ಟಿತು. ಹಾಗಾಗಿ ಅವು ಚಪ್ಪಟೆಯಾಗಲಿಲ್ಲ. ವಿನೆಗರ್‌ನಲ್ಲಿರುವ ಆಸಿಡ್ಡನ್ನೇ ತೆಳುವಾಗಿ ಬೆರೆಸಿ ಆ ಉಂಡೆಯನ್ನು ನೆನೆಸುತ್ತಾರೆ. ಸುಣ್ಣ ಕರಗಿ ಎಲುಬು ಇದ್ದ ಹಾಗೇ ಹೊರಗೆ ಬರುತ್ತದೆ. ಆ ದಿಬ್ಬಕ್ಕೆ ಪತ್ರಿಕೆಗಳ ರೂಢಿಯಂತೆ ‘ಹವಳದ ದಿಬ್ಬ’ ಅನ್ನಬಹುದಿತ್ತು. ಆದರೆ ಅದನ್ನು ಹೆಚ್ಚಾಗಿ ಕಟ್ಟಿದ್ದು ಸ್ಪಂಜಿನ ಜಾತಿಯ ಜೀವಿಗಳು ಮತ್ತು ಸೂಕ್ಷ್ಮಜೀವಿಗಳು. ಹವಳ ಕಡಿಮೆ. ಸುಮ್ನೆ ‘ಕಡಲದಿಬ್ಬ’ ಅಂದರೆ ಸಾಕೇ? ಮರಳಿನ ದಿಬ್ಬ ಅಂತ ಮಕ್ಕಳು ತಿಳಿದುಬಿಟ್ಟಾರು ಅನ್ನುವುದೊಂದೇ ಅಳುಕು.

ಲೇಖನ ಈ ತಿಂಗಳ ಕೊನೆಗೆ ಕಳಿಸಬೇಕು. ಅಲ್ಲಿಯವರೆಗೆ ‘ಬಸುರಿ’ಯನ್ನು ಪೆನ್ಸಿಲ್‌ನಲ್ಲೇ ಇಟ್ಟಿರುತ್ತೇನೆ.