ಮಗ ಗಾಂಜಾ ಗಮ್ಮಿ ತಿಂದು ನೋಡ್ತೀನಿ ಅಂತಿದ್ದಾನೆ, ಏನು ಹೇಳಲಿ?

ಮಿಸ್ಸಿಸಾಗಾ–ಹಾಸನ

ಎಲ್ಲರಿಗೂ ನಮಸ್ಕಾರ. ಹೆಸರು ಹಾಕದೆ, ಈಗಿರೋ ಊರು–ಹುಟ್ಟೂರು ಅಷ್ಟೇ ಹಾಕಿ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ. ಮಗನಿಗೆ ಈಗಷ್ಟೇ 19 ತುಂಬಿದೆ, ಯೂನಿವರ್ಸಿಟಿ ಎರಡನೇ ವರ್ಷ. ಬರೋ ಲಾಂಗ್ ವೀಕೆಂಡ್‌ಗೆ ಸ್ನೇಹಿತರೆಲ್ಲ ಸೇರಿ ಮಸ್ಕೋಕಾ ಕಡೆ ಕಾಟೇಜ್ ತಗೊಂಡಿದ್ದಾರೆ. ನಿನ್ನೆ ಊಟಕ್ಕೆ ಕೂತಾಗ ಅವನೇ ಬಾಯಿಬಿಟ್ಟು ಹೇಳಿದ, "ಅಮ್ಮ, ಅಲ್ಲಿ ಗಾಂಜಾ ಗಮ್ಮಿ ಇರುತ್ತೆ, ನಾನೂ ಒಂದು ಸಲ ತಿಂದು ನೋಡ್ತೀನಿ, ನಿನಗೆ ಸುಳ್ಳು ಹೇಳಿ ಹೋಗಲ್ಲ" ಅಂತ. ಗಮ್ಮಿ ಅಂದ್ರೆ ಜೆಲ್ಲಿ ಥರದ ಮಿಠಾಯಿ. ನಮ್ಮವರು ಊಟ ಅರ್ಧಕ್ಕೇ ಬಿಟ್ಟು ಎದ್ದರು, ಇವತ್ತಿಗೂ ಅವನ ಹತ್ತಿರ ಮಾತಿಲ್ಲ. ನನಗೆ ಬೈಯೋಕೂ ಬಾಯಿ ಬರ್ತಿಲ್ಲ, ಹೂಂ ಅನ್ನೋಕೂ ಆಗ್ತಿಲ್ಲ. ಇಲ್ಲಿ ಕೆನಡಾದಲ್ಲಿ ಅದು ಕಾನೂನಿಗೆ ವಿರುದ್ಧ ಅಲ್ಲ ಅಂತ ಗೊತ್ತು. ನನ್ನ ಪ್ರಶ್ನೆ ಇಷ್ಟೇ: ತಿಂದೇ ತಿಂತಾನೆ ಅಂದ್ರೆ ಅವನಿಗೆ ಏನೇನು ಎಚ್ಚರ ಹೇಳಿ ಕಳಿಸಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಹ್ಯಾಮಿಲ್ಟನ್–ಶಿವಮೊಗ್ಗ

ಅಕ್ಕಾ, ನಾನು ಎಮರ್ಜೆನ್ಸಿಯಲ್ಲಿ ನರ್ಸ್. ಮಗ ನಿಮ್ಮ ಹತ್ತಿರ ಬಂದು ಹೇಳಿದ್ದಾನಲ್ಲ, ಅದನ್ನ ಮೊದಲು ಗಟ್ಟಿಯಾಗಿ ಹಿಡ್ಕೊಳ್ಳಿ. ಗಾಂಜಾ ತಿಂದು ಹೆದರಿ ನಮ್ಮಲ್ಲಿಗೆ ಬರೋ ಹುಡುಗರಲ್ಲಿ ಬಹಳ ಜನ ಒಂದೇ ಕಾರಣಕ್ಕೆ ಬರ್ತಾರೆ. ಒಂದು ಗಮ್ಮಿ ತಿಂತಾರೆ, ಮುಕ್ಕಾಲು ಗಂಟೆ ಕಾಯ್ತಾರೆ, ಏನೂ ಆಗ್ಲಿಲ್ಲ ಅಂತ ಇನ್ನೆರಡು ತಿಂತಾರೆ. ಆಮೇಲೆ ಮೂರೂ ಒಟ್ಟಿಗೆ ಏರುತ್ತೆ. ಸೇದಿದ್ರೆ ನಿಮಿಷಗಳಲ್ಲಿ ಗೊತ್ತಾಗುತ್ತೆ. ತಿಂದ್ರೆ ಅರ್ಧ ಗಂಟೆಯಿಂದ 2 ಗಂಟೆ ಬೇಕು, ಪೂರ್ತಿ ಏರೋಕೆ 4 ಗಂಟೆವರೆಗೂ ಹೋಗಬಹುದು, 12 ಗಂಟೆ ತನಕ ಇರಬಹುದು. ಹೊಟ್ಟೆಗೆ ಹೋಗಿದ್ದು ಲಿವರ್‌ನಲ್ಲಿ ಇನ್ನೂ ಜೋರಾದ ರೂಪಕ್ಕೆ ತಿರುಗುತ್ತೆ, ಅದಕ್ಕೇ ಸೇದೋದಕ್ಕಿಂತ ತಿನ್ನೋದು ಹೊಸಬರನ್ನ ಜಾಸ್ತಿ ಕೆಡಿಸುತ್ತೆ.

ಮೊದಲ ಸಲಕ್ಕೆ ಟಿಎಚ್‌ಸಿ, ಅಂದ್ರೆ ಗಾಂಜಾದಲ್ಲಿ ಅಮಲೇರಿಸೋ ಅಂಶ, 2.5 ಮಿಲಿಗ್ರಾಂ ದಾಟಬಾರದು. ಇಲ್ಲಿ ಲೈಸೆನ್ಸ್ ಇರೋ ಅಂಗಡಿಯ ಒಂದು ಪ್ಯಾಕೆಟ್‌ನಲ್ಲಿ ಒಟ್ಟು 10 ಮಿಲಿಗ್ರಾಂಗಿಂತ ಹೆಚ್ಚು ಇರೋ ಹಾಗಿಲ್ಲ. ಒಂದೇ ಗಮ್ಮಿ ಇರೋ ಪ್ಯಾಕೆಟ್ ಆದ್ರೆ ಆ ಒಂದರಲ್ಲೇ 10 ಇರಬಹುದು, ಹಾಗಿದ್ರೆ ಕಾಲು ಭಾಗ ಕತ್ತರಿಸಿ ತಿನ್ನಬೇಕು. ಆ ರಾತ್ರಿ ಅದಷ್ಟೇ, ಮತ್ತೆ ಬಾಯಿಗೆ ಹಾಕಬಾರದು. ಬಿಯರ್ ಜೊತೆ ಬೇಡವೇ ಬೇಡ, ಎರಡೂ ಸೇರಿದ್ರೆ ವಾಂತಿ, ತಲೆಸುತ್ತು. ಖಾಲಿ ಹೊಟ್ಟೆಯಲ್ಲಿ ಬೇಡ. ಏನೂ ತಗೊಳ್ಳದ ಒಬ್ಬ ಜೊತೆಯಲ್ಲಿರಲಿ. ಕೆರೆ ಪಕ್ಕದ ಕಾಟೇಜ್ ಆದ್ರೆ ಆ ರಾತ್ರಿ ನೀರಿಗೆ ಇಳಿಯೋದು, ದೋಣಿ ಹತ್ತೋದು ಬೇಡ. ಗಾಬರಿ ಆಗಿ ಎದೆ ಡವಡವ ಅಂದ್ರೆ ಬೆಳಕು ಕಡಿಮೆ ಮಾಡಿ ಕೂರಿಸಿ, ನೀರು ಕೊಟ್ಟು, "ಇದು ಇಳಿಯುತ್ತೆ" ಅಂತ ಹೇಳ್ತಾ ಇರಬೇಕು. ವಾಂತಿ ಬರೋ ಹಾಗಿದ್ರೆ ಮಗ್ಗುಲಾಗಿ ಮಲಗಿಸಬೇಕು. ಎದೆನೋವು, ಎಬ್ಬಿಸಿದ್ರೂ ಏಳದೇ ಇರೋದು, ಉಸಿರಿಗೆ ತೊಂದರೆ, ಇಲ್ಲದ ದನಿ ಕೇಳಿಸೋದು, ಇವುಗಳಲ್ಲಿ ಯಾವುದಾದ್ರೂ ಆದ್ರೆ 911. ಸಣ್ಣ ಅನುಮಾನಕ್ಕೆ ಪಾಯ್ಸನ್ ಸೆಂಟರ್, 1-844-764-7669, ಯಾವ ಹೊತ್ತಿಗಾದ್ರೂ ಫೋನ್ ಎತ್ತುತ್ತಾರೆ.

ಒಂದು ಕೇಳಬೇಕು. ನಿಮ್ಮ ಕಡೆಯಾಗಲಿ ಅವರ ಕಡೆಯಾಗಲಿ, ಮನೆತನದಲ್ಲಿ ಯಾರಿಗಾದ್ರೂ ಮಾನಸಿಕ ಕಾಯಿಲೆ ಇದೆಯಾ? ಇದ್ರೆ ಮೇಲೆ ಬರೆದಿದ್ದೆಲ್ಲ ಬದಲಾಗುತ್ತೆ.

ಎಡ್ಮಂಟನ್–ಧಾರವಾಡ

ಇಷ್ಟ್ಯಾಕ ಹೆದರ್ತೀರಿ ಅಕ್ಕಾರ? ನಮ್ಮ ಅಲ್ಬರ್ಟಾದಾಗ 18ಕ್ಕ ಕೊಡ್ತಾರ. ನಮ್ಮ ಕಡೆ ತಿಂಥಣಿ ಮೌನೇಶ್ವರನ ಜಾತ್ರ್ಯಾಗ ಗಾಂಜಾ ಪ್ರಸಾದ ಅಂತನ ಸೇದತಾರ. ನಮ್ಮ ಅಜ್ಜ ಮಠದಾಗ ಸಾಧುಗೋಳ ಜೋಡಿ ಚಿಲುಮೆ ಸೇದ್ತಿದ್ದ, 90 ವರ್ಷ ಬದುಕಿದ. ನನ್ನ ಇಬ್ಬರು ಮಕ್ಕಳೂ ಇಲ್ಲೇ ಬೆಳದಾರ, ಒಬ್ಬಾಂವ ಇಂಜಿನಿಯರ್, ಒಬ್ಬಾಕಿ ಡೆಂಟಿಸ್ಟ್. ವಿಶ್ವಾಸ ಇಟ್ಟು ಬಿಡ್ರಿ.

ಹ್ಯಾಮಿಲ್ಟನ್–ಶಿವಮೊಗ್ಗ

ಸರ್, ಅಜ್ಜ ಸೇದಿದ್ದು ಬೇರೆ, ಇವತ್ತಿನದು ಬೇರೆ. 1980ರ ಹೊತ್ತಿಗೆ ಒಣ ಸೊಪ್ಪಿನಲ್ಲಿ ಟಿಎಚ್‌ಸಿ ಶೇ. 3ರ ಹತ್ತಿರ ಇತ್ತು. ಈಗ ಅಂಗಡಿಯಲ್ಲಿ ಶೇ. 15, 20, ಅದಕ್ಕಿಂತ ಮೇಲೂ ಸಿಗುತ್ತೆ. ಮಿದುಳು ಸುಮಾರು 25ರ ತನಕ ಬೆಳೀತಾ ಇರುತ್ತೆ, ಅದಕ್ಕೇ 19ರ ಹುಡುಗ ಇನ್ನಷ್ಟು ತಡೆದ್ರೆ ಒಳ್ಳೇದು ಅಂತಲೇ ನಾನೂ ಹೇಳೋದು.

ಸ್ಕಾರ್ಬರೋ–ಮೈಸೂರು

ಈ ಗುಂಪಿನಲ್ಲಿ ಇಂಥ ಪೋಸ್ಟ್ ನೋಡಬೇಕಾಯಿತಲ್ಲ ಎಂದು ಮನಸ್ಸಿಗೆ ತುಂಬಾ ನೋವಾಯಿತು. ತಾಯಿಯಾದವಳು "ತಿನ್ನಬೇಡ" ಎನ್ನಬೇಕು, ಅಲ್ಲಿಗೆ ಮುಗಿಯಿತು. ಎಷ್ಟು ಮಿಲಿಗ್ರಾಂ ಎಂದು ಕೇಳುವುದೇ ಒಪ್ಪಿಗೆ ಕೊಟ್ಟಂತೆ. ನಾನು ಈ ದೇಶಕ್ಕೆ ಬಂದು ಮೂರು ದಶಕವಾಗುತ್ತಾ ಬಂತು. ಮನೆಯಲ್ಲಿ ಸಂಜೆ ದೀಪ ಹಚ್ಚಿ, ಕನ್ನಡದಲ್ಲೇ ಮಾತಾಡಿ, ಭಾನುವಾರ ಕನ್ನಡ ಶಾಲೆ ತಪ್ಪಿಸದೆ ಬೆಳೆಸಿದ ಮಕ್ಕಳಲ್ಲಿ ಒಬ್ಬರೂ ಈ ದಾರಿ ಹಿಡಿದದ್ದನ್ನು ನಾನು ಕಂಡಿಲ್ಲ. 2018ರ ಅಕ್ಟೋಬರ್‌ನಲ್ಲಿ ಸರ್ಕಾರ ಕಾನೂನು ಮಾಡಿತೆಂದು ನಮ್ಮ ಮನೆಯ ಕಾನೂನು ಬದಲಾಗಬೇಕೆ? ನಾಳೆ ಇನ್ನೊಂದಕ್ಕೂ ಅನುಮತಿ ಕೊಡುತ್ತಾರೆ, ಅದಕ್ಕೂ ನರ್ಸಮ್ಮನವರು ಅಳತೆ ಹೇಳುತ್ತಾರೆಯೇ? ಕಾಟೇಜಿಗೇ ಕಳಿಸಬೇಡಿ. ಯಜಮಾನರು ಎದ್ದು ಹೋದದ್ದು ಸರಿ.

ಬ್ರಾಂಪ್ಟನ್–ಮಂಡ್ಯ

ಹಿರಿಯರು ಹೇಳಿದ್ದು ನೂರಕ್ಕೆ ನೂರು ಸತ್ಯ. ನಾವು ಎರಡೆರಡು ಕೆಲಸ ಅಂತ ಓಡಾಡಿ ಮಕ್ಕಳನ್ನ ಟಿವಿ ಮುಂದೆ ಕೂರಿಸ್ತೀವಿ.

ಓಕ್‌ವಿಲ್–ಬೆಂಗಳೂರು

ಕನ್ನಡ ಶಾಲೆಗೂ ಇದಕ್ಕೂ ಏನು ಸಂಬಂಧ ಸರ್? ನನ್ನ ಮಗಳು ಆರು ವರ್ಷ ಕನ್ನಡ ಶಾಲೆಗೆ ಹೋದವಳು, ರಾಜ್ಯೋತ್ಸವದಲ್ಲಿ ವಚನ ಹಾಡಿದವಳು. ಅವಳೂ ತಗೊಂಡಿದ್ದಳು. ನನಗೆ ಗೊತ್ತಾಗಿದ್ದು ಆಸ್ಪತ್ರೆಯಿಂದ ಬೆಳಗಿನ ಜಾವ ಫೋನ್ ಬಂದಾಗ. ಈ ಅಮ್ಮನಿಗೆ ಮಗ ಮೊದಲೇ ಹೇಳಿದ್ದಾನೆ, ನನಗೆ ಆ ಭಾಗ್ಯ ಇರಲಿಲ್ಲ. ಮನೆಯಲ್ಲಿ ಹೇಳಿದ್ರೆ ಬಾಗಿಲು ಮುಚ್ಚುತ್ತೆ ಅಂತ ಅವಳಿಗೆ ಅನ್ನಿಸಿತ್ತಂತೆ.

ಸ್ಕಾರ್ಬರೋ–ಮೈಸೂರು

ನಿಮ್ಮ ಮಗಳ ವಿಷಯ ಕೇಳಿ ಸಂಕಟವಾಯಿತು. ಆದರೆ ನನ್ನ ಮಾತನ್ನೇ ಅದು ಸಮರ್ಥಿಸುತ್ತದೆ. ಭಯ ಇರಬೇಕು. ನಮಗೆ ಅಪ್ಪನ ಕೆಮ್ಮು ಕೇಳಿದರೆ ಸಾಕಿತ್ತು.

ನ್ಯೂಜೆರ್ಸಿ–ದಾವಣಗೆರೆ

ಅಮೆರಿಕ ಕಡೆಯಿಂದ ಒಂದು ಮಾತು, ಎಲ್ಲರೂ ಓದಿ. ನಮ್ಮ ರಾಜ್ಯದಲ್ಲೂ 21 ದಾಟಿದವರಿಗೆ ಅಂಗಡಿ ಇದೆ, ಆದ್ರೆ ಫೆಡರಲ್ ಕಾನೂನಿನಲ್ಲಿ ಇನ್ನೂ ಅಪರಾಧವೇ. ಗ್ರೀನ್ ಕಾರ್ಡ್ ಇರೋರು ಸಿಟಿಜನ್‌ಶಿಪ್ ಸಂದರ್ಶನದಲ್ಲಿ ತಗೊಂಡಿದ್ದೀನಿ ಅಂತ ಒಪ್ಪಿಕೊಂಡ್ರೆ ಅರ್ಜಿಗೇ ಕುತ್ತು, 2019ರಲ್ಲಿ ಇಲ್ಲಿನ ವಲಸೆ ಇಲಾಖೆ ಯುಎಸ್‌ಸಿಐಎಸ್ ಇದನ್ನ ಸ್ಪಷ್ಟವಾಗಿ ಬರೆದಿದೆ. ಕೆನಡಾದವರು ಒಂದು ಗಮ್ಮಿ ಬ್ಯಾಗಿನಲ್ಲಿ ಮರೆತು ಬಫಲೋ ಗಡಿ ದಾಟಿದ್ರೂ ತೊಂದರೆ. ಊರಿಗೆ ಹೋಗುವಾಗಲೂ ಹುಷಾರು, ಅಲ್ಲಿ ಮಾದಕ ವಸ್ತು ತಡೆಯೋ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಏರ್‌ಪೋರ್ಟ್‌ನಲ್ಲಿ ಸಿಕ್ಕಿಬಿದ್ರೆ "ಕೆನಡಾದಲ್ಲಿ ಲೀಗಲ್" ಅನ್ನೋ ಮಾತು ನಡೆಯಲ್ಲ.

ವಾಟರ್ಲೂ–ಉಡುಪಿ

ನಾನು ಇಲ್ಲಿ ವಿದ್ಯಾರ್ಥಿ, ಆಂಟಿಯ ಮಗನ ವಯಸ್ಸಿನವ. ಕಾಟೇಜಿಗೆ ಹೋಗುವಾಗ ದುಡ್ಡು ಉಳೀತದೆ ಅಂತ ಯಾರೋ ಆನ್‌ಲೈನ್‌ನಲ್ಲಿ ಪರವಾನಗಿ ಇಲ್ಲದವರ ಹತ್ರ ತರಿಸ್ತಾರೆ, ಅದೇ ದೊಡ್ಡ ಅಪಾಯ. ಚಾಕಲೇಟ್ ಕಂಪನಿಯವರ ಹಾಗೇ ಬಣ್ಣದ ಪ್ಯಾಕೆಟ್, ಒಂದರಲ್ಲೇ ನೂರಾರು ಮಿಲಿಗ್ರಾಂ ಅಂತ ಬರೆದಿರ್ತದೆ. ಸರಿಯಾದ್ದರಲ್ಲಿ ಕೆಂಪು ಅಷ್ಟಕೋನದ ಒಳಗೆ ಎಲೆ ಗುರುತು, ಸುಂಕದ ಸ್ಟ್ಯಾಂಪ್ ಇರ್ತದೆ. ಮತ್ತೆ, ಗುಂಪಿನಲ್ಲಿ 18ರವರು ಇದ್ರೆ ಅವರಿಗೆ ಇವನು ಕೊಡಬಾರದು, ಒಂಟಾರಿಯೋದಲ್ಲಿ 19 ಆಗ್ಲೇಬೇಕು. ತಂದು ಉಳಿದದ್ದನ್ನು ಮನೆಯಲ್ಲಿ ತಮ್ಮ ತಂಗಿಯರ ಕೈಗೆ ಸಿಗುವ ಹಾಗೆ ಇಡ್ಲಿಕ್ಕಿಲ್ಲ, ಮಕ್ಕಳು ಮಿಠಾಯಿ ಅಂತ ತಿಂದುಬಿಡ್ತಾರೆ.

ಸ್ಕಾರ್ಬರೋ–ಮೈಸೂರು

ನೋಡಿ, ಹುಡುಗರಿಗೇ ಎಷ್ಟು ವಿವರ ಗೊತ್ತಿದೆ! ನನ್ನ ಆತಂಕ ಇದೇ. ಮುಂದಿನ ತಿಂಗಳ ಸಭೆಯಲ್ಲಿ ಪೋಷಕರೆಲ್ಲ ಕೂತು ಮಾತಾಡೋಣ. ಯುವಕರಿಗೆ ಯೋಗ ಶಿಬಿರ ಆಗಬೇಕು.

ಬ್ರಾಂಪ್ಟನ್–ಮಂಡ್ಯ

ಶಿಬಿರಕ್ಕೆ ನಾನು ಹಾಲ್ ನೋಡ್ತೀನಿ ಸರ್. ಹೋದ ಸಲದ ಸಂಕ್ರಾಂತಿ ಹಾಲ್ ಬಾಡಿಗೆ ಜಾಸ್ತಿ ಆಯ್ತು.

ಎಡ್ಮಂಟನ್–ಧಾರವಾಡ

ಶಿಬಿರ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಆ ತಾಯಿ ಕೇಳಿದ್ದು ಶುಕ್ರವಾರದ ಮಾತು.

ಮಿಸ್ಸಿಸಾಗಾ–ಹಾಸನ

ಎಲ್ಲರಿಗೂ ಥ್ಯಾಂಕ್ಸ್. ಹಿರಿಯರೇ, ಕಾಟೇಜಿಗೆ ಕಳಿಸದೆ ಇಡೋಕೆ ಅವನು ಚಿಕ್ಕವನಲ್ಲ, ಈ ವೀಕೆಂಡ್ ತಡೆದ್ರೆ ಇನ್ನೊಂದು ವೀಕೆಂಡ್ ಬರುತ್ತೆ. ಹ್ಯಾಮಿಲ್ಟನ್‌ನವರು ಕೇಳಿದ್ದಕ್ಕೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನನ್ನ ಮೈದುನನಿಗೆ 21ರಲ್ಲಿ ಶುರುವಾಯ್ತು. ನಿಮ್ಹಾನ್ಸ್‌ನಲ್ಲಿ ತೋರಿಸಿದಾಗ ಸ್ಕಿಜೋಫ್ರೀನಿಯಾ ಅಂದರು, ಇವತ್ತಿಗೂ ಮಾತ್ರೆ ಮೇಲೆ ಇದ್ದಾರೆ. ಮಗನಿಗೆ "ಚಿಕ್ಕಪ್ಪನಿಗೆ ನರದ ತೊಂದರೆ" ಅಂತಷ್ಟೇ ಗೊತ್ತು. ನಮ್ಮತ್ತೆ ಆ ಮಾತನ್ನ ಯಾರ ಮುಂದೂ ಆಡೋಕೆ ಬಿಟ್ಟಿಲ್ಲ. ಇವರೂ ಅಷ್ಟೇ.

ಸ್ಕಾರ್ಬರೋ–ಮೈಸೂರು

ತಾಯೀ, ಮನೆತನದ ವಿಷಯ ಇಷ್ಟು ಜನರ ಮುಂದೆ ಬೇಡ. ಮಗನಿಗೂ ಹೇಳಬೇಡಿ, ನಾಳೆ ಹೆಣ್ಣು ನೋಡುವಾಗ ಅದೇ ಮಾತು ಮುಂದೆ ಬರುತ್ತದೆ. ಆ ಹುಡುಗನ ಮನಸ್ಸಿನಲ್ಲೂ ಭಯ ಕೂರುತ್ತದೆ. ಇದನ್ನು ಕೆಡುಕಿಗಲ್ಲ, ಕಾಳಜಿಯಿಂದಲೇ ಹೇಳುತ್ತಿದ್ದೇನೆ.

ಓಕ್‌ವಿಲ್–ಬೆಂಗಳೂರು

ಭಯ ಇರಬೇಕು ಅಂತ ನೀವೇ ಅಂದಿರಿ. ಇಟ್ಟುಕೊಳ್ಳಬೇಕಾದ ಭಯ ಇದೇ ಸರ್. ಇದೊಂದನ್ನ ಮುಚ್ಚಿಟ್ಟು ಬೇರೆ ಏನು ಬುದ್ಧಿ ಹೇಳಿದ್ರೂ ಪ್ರಯೋಜನ ಇಲ್ಲ.

ಹ್ಯಾಮಿಲ್ಟನ್–ಶಿವಮೊಗ್ಗ

ಅಕ್ಕಾ, ಹೇಳಿದ್ದು ಒಳ್ಳೇದಾಯ್ತು. ಹಾಗಾದ್ರೆ ನನ್ನ ಉತ್ತರ ಬೇರೆ: ಅವನು ತಿನ್ನಬಾರದು. ಮನೆತನದಲ್ಲಿ ಇಂಥ ಕಾಯಿಲೆ ಇದ್ದೋರಿಗೆ ಗಾಂಜಾ ಅದನ್ನ ಎಬ್ಬಿಸಬಹುದು. ಇಲ್ಲಿನ ಮಾರ್ಗದರ್ಶಿ ಹೇಳೋದು ಮುಖ್ಯವಾಗಿ ತಂದೆ-ತಾಯಿ, ಒಡಹುಟ್ಟಿದವರ ಬಗ್ಗೆ. ಚಿಕ್ಕಪ್ಪ ಅಂದ್ರೆ ಅಪಾಯ ಅಷ್ಟಿರಲ್ಲ, ಆದ್ರೆ ಇಲ್ಲವೇ ಇಲ್ಲ ಅಂತಲೂ ಅಲ್ಲ. ಈ ಕಾಯಿಲೆ ತಲೆ ಎತ್ತೋ ವಯಸ್ಸಲ್ಲೇ ನಿಮ್ಮ ಮಗ ಇದ್ದಾನೆ. ತಿಂದವರಿಗೆಲ್ಲ ಹಾಗೆ ಆಗಲ್ಲ, ಮಗನಿಗೂ ಇದೇ ಮಾತು ಹೇಳಿ, ಸುಮ್ಮನೆ ಹೆದರಿಸಬೇಡಿ. "ನಿನ್ನ ಸ್ನೇಹಿತರಿಗಿಂತ ನಿನಗೆ ಅಪಾಯ ಒಂದು ಪಾಲು ಹೆಚ್ಚು, ಕಾರಣ ಇದು" ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಸುಳ್ಳು ಹೇಳಿ ಹೋಗಲ್ಲ ಅಂದ ಹುಡುಗ ಕೇಳಿಸ್ಕೊಳ್ತಾನೆ. ಅನುಮಾನ ಉಳಿದ್ರೆ ಫ್ಯಾಮಿಲಿ ಡಾಕ್ಟರ್ ಹತ್ತಿರ ಅವನೇ ಒಬ್ಬನೇ ಹೋಗಿ ಕೇಳಲಿ.

ತಿನ್ನದೇ ಇದ್ದರೂ ಅವನಿಗೆ ಒಂದು ಕೆಲಸ ಇದೆ, ಗಾಡಿ ಓಡಿಸೋದು ಅವನೇ ಆಗಲಿ. ಒಂಟಾರಿಯೋದಲ್ಲಿ 21 ಮತ್ತು ಅದಕ್ಕಿಂತ ಕಮ್ಮಿ ವಯಸ್ಸಿನವರು, ಹೊಸ ಚಾಲಕರಿಗೆ ಕೊಡೋ ಜಿ2 ಲೈಸೆನ್ಸ್‌ನವರು ಗಾಡಿ ಹಿಡಿಯುವಾಗ ಮೈಯಲ್ಲಿ ಗಾಂಜಾ ಸ್ವಲ್ಪವೂ ಕಾಣಿಸಬಾರದು. ತಿಂದ ಮಾರನೇ ಬೆಳಿಗ್ಗೆಯೂ ಮಬ್ಬು ಇರಬಹುದು, 24 ಗಂಟೆ ಬಿಡಬೇಕು.

ಮಿಸ್ಸಿಸಾಗಾ–ಹಾಸನ

ಅವನು ಇನ್ನೂ ಪಿಆರ್ (ಖಾಯಂ ನಿವಾಸಿ) ಅಷ್ಟೇ, ಸಿಟಿಜನ್‌ಶಿಪ್ ಅರ್ಜಿ ಹಾಕಿದ್ದೀವಿ. ಅದಕ್ಕೇನಾದ್ರೂ ತೊಂದರೆ ಇದೆಯಾ?

ಹ್ಯಾಮಿಲ್ಟನ್–ಶಿವಮೊಗ್ಗ

ವಯಸ್ಸಾದವನು ಕಾನೂನುಬದ್ಧವಾಗಿ ತಗೊಂಡಿದ್ದಕ್ಕೆ ಇಲ್ಲ. ಅಮಲಿನಲ್ಲಿ ಗಾಡಿ ಓಡಿಸಿ ಶಿಕ್ಷೆ ಆದ್ರೆ ಇದೆ. 2018ರ ಡಿಸೆಂಬರ್‌ನಿಂದ ಅದಕ್ಕೆ 10 ವರ್ಷದವರೆಗೂ ಶಿಕ್ಷೆ ವಿಧಿಸಬಹುದು, ಇಮಿಗ್ರೇಷನ್‌ನವರು ಅದನ್ನ ಗಂಭೀರ ಅಪರಾಧ ಅಂತ ಎಣಿಸ್ತಾರೆ, ಪಿಆರ್ ಇರೋರನ್ನ ದೇಶ ಬಿಡಿಸೋ ಮಟ್ಟಕ್ಕೂ ಹೋಗಬಹುದು.

ಮಿಸ್ಸಿಸಾಗಾ–ಹಾಸನ

ಸರಿ. ಚಿಕ್ಕಪ್ಪನ ವಿಷಯ ನಾನು ಹೇಳೋದಕ್ಕಿಂತ ಅವರಪ್ಪನೇ ಹೇಳಬೇಕು, ಅವರ ತಮ್ಮ ತಾನೆ. ಇವತ್ತು ಕೆಲಸದಿಂದ ಬಂದಮೇಲೆ ಇಬ್ಬರನ್ನೂ ಕೂರಿಸ್ತೀನಿ. ಇವರು ಬಾಯಿ ಬಿಡದಿದ್ರೆ ನಾನೇ ಹೇಳ್ತೀನಿ.

ಬ್ರಾಂಪ್ಟನ್–ಮಂಡ್ಯ

ಯೋಗ ಶಿಬಿರಕ್ಕೆ ಬರೋರು ಕೆಳಗೆ ಹೆಸರು ಹಾಕಿ, ಮಕ್ಕಳ ವಯಸ್ಸೂ ಬರೀರಿ.