ಟ್ರ್ಯಾಕ್ಟರ್ ಹಿಂದಿನ ಟೈರ್ ಸವದಾವು, ಯಾವ್ದು ಹಾಕ್ಸಲಿ?

ಮುಧೋಳ ಕಡೆಯವರ ಪ್ರಶ್ನೆ

ಎಲ್ಲಾರಿಗೂ ನಮಸ್ಕಾರ್ರಿ. ನಂದು 45 ಎಚ್‌ಪಿ, ಟೂ ವೀಲ್ ಡ್ರೈವ್. ಹಿಂದ 13.6-28 ಟೈರ್ ಅದಾವು, ಹಲ್ಲು ಪೂರಾ ಸವದಾವು. ಎರಿ ಹೊಲದಾಗ ಹಸಿ ಇದ್ರ ಗಾಲಿ ನಿಂತಲ್ಲೇ ತಿರಗತಾವು. ಕಬ್ಬಿನ ಸೀಜನ್‌ದಾಗ ಎರಡು ಟ್ರಾಲಿ ಹಚ್ಚಿ ಫ್ಯಾಕ್ಟರಿಗೆ ಹೊಡೀತೀನಿ, ಉಳಿದ ದಿನ ಪಲ್ಟಿ ನೇಗಿಲು, ಮಣ್ಣು ಪುಡಿ ಮಾಡೋ ರೋಟರ್ ಕೆಲಸ. ಯಾವ ಕಂಪನಿ ಛಲೋ? 14.9 ಹಾಕಿದ್ರ ಗ್ರಿಪ್ ಹೆಚ್ಚು ಅಂತಾರ, ಖರೇನಾ? ರೇಡಿಯಲ್ ತಗೊಳ್ಳಲೋ ಬ್ಯಾಡೋ? ನೀರು ತುಂಬ್ಸಬೇಕೋ? ಅನುಭವ ಇದ್ದವ್ರು ಹೇಳ್ರಿ.

ಜಮಖಂಡಿಯಿಂದ

ಅಣ್ಣಾರ, ಕಂಪನಿ ಆಮ್ಯಾಲೆ. ನಿಮ್ಮ ಗಾಡಿ ವರ್ಷದಾಗ ಡಾಂಬರ ಮ್ಯಾಲೆ ಎಷ್ಟು ತಾಸು ಓಡತೈತಿ, ಹೊಲದಾಗ ಎಷ್ಟು ತಾಸು, ಅದನ್ನ ಮೊದ್ಲ ಲೆಕ್ಕ ಹಾಕ್ರಿ. ಹಲ್ಲು ಎತ್ತರ, ನಡುವ ಜಾಗ ಬಿಟ್ಟದ್ದು ಹೊಲಕ್ಕ ಛಲೋ, ಮಣ್ಣು ತಾನ ಉದುರತೈತಿ. ಆದ್ರ ಡಾಂಬರ ಮ್ಯಾಲೆ ಪೂರಾ ಭಾರ ಆ ಹಲ್ಲಿನ ತುದಿ ಮ್ಯಾಲೇ ಬೀಳತೈತಿ, ಲಗೂ ಸವೀತೈತಿ. ಕಬ್ಬು ಹೊಡ್ಯಾವ್ರಿಗೆ ಹಲ್ಲು ಅಗಲ ಇದ್ದು ಒತ್ತಾಗಿ ಇರೋದು ಬೇಕು. ಎಂಆರ್‌ಎಫ್, ಅಪೋಲೊ, ಸಿಯೆಟ್, ಜೆಕೆ, ಬಿಕೆಟಿ, ಯಾರದ ಇದ್ರೂ ಒಂದಕ್ಕಿಂತ ಹೆಚ್ಚು ನಮೂನಿ ಸಿಗತಾವು. ಹೆಸರು ಕೇಳಿ ತರಬ್ಯಾಡ್ರಿ, ಎರಡು ಟೈರ್ ಬಾಜೂಕ ಬಾಜೂಕ ನಿಲ್ಲಿಸಿ ಹಲ್ಲಿನ ಅಗಲ ನೋಡಿ ತರ್ರಿ.

14.9 ಸುದ್ದಿ: ಟೈರ್ ಮ್ಯಾಲಿನ ಮೊದಲ ಅಂಕಿ ಅಗಲ, 28 ಅಂದ್ರ ರಿಮ್ಮಿನ ವ್ಯಾಸ, ಎರಡೂ ಇಂಚಿನಾಗ. ವ್ಯಾಸ ಒಂದೇ ಐತಿ ಅಂತ ಸುಮ್ಮ ಹಾಕಬ್ಯಾಡ್ರಿ. ರಿಮ್ ಮ್ಯಾಲಿನ ಕೆಸರು ಒರಸಿ ನೋಡ್ರಿ, ಡಬ್ಲ್ಯೂ 11 (ಅಂದ್ರ ರಿಮ್ಮಿನ ಅಗಲ 11 ಇಂಚು) ಅಂತ ಇದ್ರ 14.9 ಆಸೆ ಬಿಡ್ರಿ, ಡಬ್ಲ್ಯೂ 12 ಇದ್ರ ಕುಂದರತೈತಿ. ಮಡಗಾರ್ಡಿಗೆ ತಾಗತೈತೋ ಇಲ್ಲೋ ಅದನ್ನೂ ನೋಡ್ರಿ. ಹತ್ತಿ ಸಾಲಿನ್ಯಾಗ ಹಾಯೋದಿದ್ರ 13.6 ಏ ಇರಲಿ.

ಗೋಕಾಕ, ಟೈರ್ ಅಂಗಡಿಯವರು

ಅಂಗಡಿಯವ ಹೇಳೋದು ಅಂತ ಅರ್ಧ ನಂಬಿದ್ರೂ ಸಾಕು. ಟೈರಿನ ಪಕ್ಕಕ್ಕೆ ನಾಲ್ಕು ಅಂಕಿ ಇರ್ತಾವೆ. 1825 ಅಂದ್ರೆ 2025ರ 18ನೇ ವಾರ ತಯಾರಾಗಿದ್ದು. ಜೋಡಿಯ ಎರಡೂ ಟೈರಿನಲ್ಲಿ ಅದನ್ನು ಓದಿ, ಆಮೇಲೆ ದುಡ್ಡು ಕೊಡಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟೈರಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದು ಕಾಣಬೇಕು.

ಹೊಸ ಟೈರಿಗೆ ಹಳೇ ಟ್ಯೂಬ್ ಹಾಕಿಸಬೇಡಿ. ಹಿಗ್ಗಿದ ಟ್ಯೂಬ್ ಒಳಗೆ ಮಡಿಕೆ ಬಿದ್ದು, ಆ ಮಡಿಕೆಯಲ್ಲೇ ತಿಕ್ಕಿ ತೂತಾಗುತ್ತೆ. ರೇಡಿಯಲ್, ಅಂದ್ರೆ ಒಳಗಿನ ದಾರ ಒಂದು ಅಂಚಿಂದ ಇನ್ನೊಂದು ಅಂಚಿಗೆ ನೇರ ಹೋಗಿರೋ ಟೈರು, ನೆಲಕ್ಕೆ ಹೆಚ್ಚು ಅಗಲಕ್ಕೆ ಕೂರುತ್ತೆ, ರೋಡಿನಲ್ಲಿ ಕಡಿಮೆ ಕಾಯುತ್ತೆ. ಆದ್ರೆ ರೇಟು ಜಾಸ್ತಿ, ಪಕ್ಕದ ಗೋಡೆ ಮೆತ್ತಗೆ. ಕಬ್ಬಿನ ಕೂಳೆಯಲ್ಲಿ ಓಡಾಡುವ 45 ಎಚ್‌ಪಿ ಗಾಡಿಗೆ ಸಾದಾ ಟೈರೇ ಸಾಕು ಅನ್ನೋನು ನಾನು. ಕೂರಿಸುವಾಗ ಬಾಣದ ಗುರುತು ಮುಂದೆ ಹೋಗುವ ದಿಕ್ಕಿಗೇ ಇರಬೇಕು. ಅವಸರದಲ್ಲಿ ಉಲ್ಟಾ ಹಾಕೋ ಹುಡುಗರು ಇದ್ದಾರೆ.

ಅಥಣಿಯಿಂದ

ನಮ್ಮ ಕಡೆ ಹವಾ ನೋಡೋದು ಹ್ಯಾಂಗಂದ್ರ, ಬೂಟಿಲೆ ಟೈರಿಗೆ ಒದ್ದು ಟಣ್ ಅಂದ್ರ ಮುಗೀತು. ಅದು ಸಾಲದು. ಹಿಂದಿನ ದೊಡ್ಡ ಟೈರಿಗೆ ಹೊಲದಾಗ 12–14 ಪೌಂಡ್ (ಪಿಎಸ್‌ಐ) ಹವಾ ಸಾಕು. ಟ್ರಾಲಿ ಜಗ್ಗೋ ಮುಂದ 18–20 ಬೇಕು. ನಿಮ್ಮ ಗಾಡಿ ಪುಸ್ತಕದಾಗ ಬ್ಯಾರೆ ಬರದಿದ್ರ ಅದನ್ನ ಹಿಡೀರಿ. ಕಬ್ಬಿಗಂತ ಏರಿಸಿದ ಹವಾ ಮುಂಗಾರಿಗೂ ಹಂಗೇ ಇರತೈತಿ, ನಡುವಿನ ಭಾಗ ಅಷ್ಟೇ ನೆಲ ಹಿಡೀತೈತಿ, ಗಾಲಿ ಜಾರತಾವು. ನಿಮ್ಮ ಟೈರಿನ ನಡು ಹೆಚ್ಚು ಸವದದ್ದಿದ್ರ ಇದೇ ಕಾರಣ. ಎರಡೂ ಅಂಚು ಸವದಿದ್ರ ಹವಾ ಕಡಿಮಿ ಇಟ್ಟು ಓಡಿಸೀರಿ.

ಜಮಖಂಡಿಯಿಂದ

ಅಥಣಿ ಅಣ್ಣಾರ ಮಾತು ಪುಸ್ತಕಕ್ಕ ಸರಿ. ಆದ್ರ ಮುಂಜಾನೆ ಹೊಲದಾಗ ಗಾಡಿ ತುಂಬಿ, ರಾತ್ರಿ ಫ್ಯಾಕ್ಟರಿ ಮುಂದ ಪಾಳಿ ಹಚ್ಚಿ ನಿಲ್ಲಾಂವ ದಿನಾ ಹವಾ ಇಳಿಸಿ ಏರಿಸಿ ಮಾಡತಾನೇನ್ರಿ?

ಅಥಣಿಯಿಂದ

ದಿನಾ ಯಾರು ಅಂದ್ರು? ವರ್ಷಕ್ಕ ಎರಡು ಸಲ. ಸೀಜನ್ ಮುಗಿದ ಮ್ಯಾಲೆ ಇಳಸ್ರಿ, ಮತ್ತ ಸೀಜನ್ ಹತ್ತೂ ಮುಂದ ಏರಸ್ರಿ. ಒಂದು ಗೇಜ್ ತಗೊಂಡು ಟೂಲ್ ಬಾಕ್ಸಿನ್ಯಾಗ ಇಡ್ರಿ. ಮುಂಜಾನೆ ಟೈರ್ ತಣ್ಣಗಿದ್ದಾಗ ನೋಡಬೇಕು, ಓಡಿ ಬಂದ ಮ್ಯಾಲೆ ಹೆಚ್ಚು ತೋರಸತೈತಿ. ಹವಾ ಇಳಿಸಿದಾಗ ಇನ್ನೊಂದು ಕೆಲಸ: ರಿಮ್ಮಿನಿಂದ ಟೈರಿಗೆ ಸುಣ್ಣದಿಂದ ಒಂದು ಗೆರಿ ಎಳೀರಿ. ಪಲ್ಟಿ ಹೊಡದ ಮ್ಯಾಲೆ ಗೆರಿ ಎರಡು ತುಂಡಾಗಿ ಸರದಿದ್ರ ಟೈರ್ ರಿಮ್ ಮ್ಯಾಲೆ ಜಾರಾಕತ್ತೈತಿ ಅಂತ ತಿಳ್ಕೋರಿ, ಒಂದೆರಡು ಪೌಂಡ್ ಏರಸ್ರಿ. ಇಲ್ಲಂದ್ರ ವಾಲ್ವ್ ವಾರಿ ಆಗಿ ಬುಡಕ್ಕೇ ಹರೀತೈತಿ.

ಬಸವನ ಬಾಗೇವಾಡಿಯಿಂದ

ಗಾಲಿಗೆ ಭಾರ ಬರಲಿ ಅಂತ ಟೈರಿನ್ಯಾಗ ತುಂಬೋ ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ಗಾಲಿ ಜಾಕ್ ಮ್ಯಾಲೆ ಎತ್ತಿ, ವಾಲ್ವ್ ಮ್ಯಾಲಕ್ಕ ಬರೂಹಂಗ ತಿರಗಿಸಿ, ವಾಲ್ವಿನ ಮಟ್ಟಕ್ಕ ನೀರು ಬರೂತನಕ ತುಂಬಬೇಕು. ಅದು ಮುಕ್ಕಾಲು ಆಗತೈತಿ. ಉಳಿದ ಪಾಲು ಹವಾಕ್ಕ ಬಿಡಬೇಕು. ಪೂರಾ ತುಂಬಿದ್ರ ತಗ್ಗಿನ್ಯಾಗ ಬಿದ್ದಾಗ ಟೈರಿಗೆ ಕುಲುಕು ತಡಿಯಾಕ ಜಾಗನ ಇರೂದಿಲ್ಲ. ಮುಂದ ಹವಾ ನೋಡೂವಾಗೂ ವಾಲ್ವ್ ಮ್ಯಾಲೇ ಇರಬೇಕು, ಇಲ್ಲಂದ್ರ ಗೇಜಿನ್ಯಾಗ ನೀರು.

ನೀರು ಬೇಕೋ ಬ್ಯಾಡೋ ಅಂತ ಹೊಲಾನ ಹೇಳತೈತಿ. ಪಲ್ಟಿ ಒಂದು ಸಾಲು ಹೊಡದು ಕೆಳಗಿಳದು ಗಾಲಿ ಅಚ್ಚು ನೋಡ್ರಿ. ಹಲ್ಲಿನ ಅಚ್ಚು ಸೀಲು ಹೊಡದಂಗ ಚೊಕ್ಕ ಇದ್ರ ಭಾರ ಹೆಚ್ಚಾಗೈತಿ, ಡೀಸೆಲ್ ದಂಡ. ಪೂರಾ ಅಳಸಿಹೋಗಿದ್ರ ಭಾರ ಸಾಲದು. ಅಂಚಿನ ಅಚ್ಚು ಉಳದು ನಡುವಿಂದು ಕೆದರಿದ್ರ ಬರೋಬ್ಬರಿ. ಕಬ್ಬಿನ ಟ್ರಾಲಿ ಏರಿನ್ಯಾಗ ಜಗ್ಗೂ ಮುಂದ ಮುಂದಿನ ಗಾಲಿ ಏಳತಾವಲ್ಲ, ಅದಕ್ಕ ಹಿಂದ ನೀರು ತುಂಬಿದ್ರ ಉಪಯೋಗಿಲ್ಲ. ಮುಂದ ವೇಟ್ ಕಟ್ರಿ, ಟ್ರಾಲಿ ಲೋಡ್ ಇಳಸ್ರಿ.

ಮತ್ತ ಒಂದು. ನಮ್ಮಲ್ಲಿ ಪಂಕ್ಚರ್ ಮಾಡೋದು ತೊಗರಿ ಕಟಗಿ, ಜಾಲಿ ಮುಳ್ಳಲ್ಲ. ಓರಿ ಕೊಯ್ದ ತೊಗರಿ ಬುಡ ಕುಡಗೋಲಿನಷ್ಟು ಚೂಪು ಇರತೈತಿ. ಹೊಸ ಟೈರ್ ಹಾಕಿದ ವಾರದಾಗ ಅಂಥಾ ಹೊಲಕ್ಕ ಇಳೀಬ್ಯಾಡ್ರಿ, ಇಳದ್ರ ಸಾಲಿನ ಗುಂಟ ಹೋಗ್ರಿ, ಅಡ್ಡ ಹೋಗಬ್ಯಾಡ್ರಿ.

ಇಂಡಿಯಿಂದ

ಫೋರ್ ವೀಲ್ ಇದ್ದವ್ರಿಗೆ ಅಷ್ಟೇ: ಡಾಂಬರ ಹತ್ತಿದ ಕೂಡ್ಲೆ ಫೋರ್ ವೀಲ್ ಲಿವರ್ ಬಿಡ್ರಿ. ಅದು ಹಾಕಿದಾಗ ಮುಂದಿನ ಗಾಲಿ ಸ್ವಲ್ಪ ಹೆಚ್ಚು ಓಡೂಹಂಗ ಗೇರ್ ಇಟ್ಟಿರ್ತಾರ, ರೋಡ್ ಮ್ಯಾಲೆ ಟೈರ್ ತಿಂದು ಹಾಕತೈತಿ.

ಮುಧೋಳ ಕಡೆಯವರು

ಭಾಳ ಉಪಕಾರ ಆತ್ರಿ ಎಲ್ಲಾರದೂ. ರಿಮ್ ಒರಸಿ ನೋಡಿದೆ, ಡಬ್ಲ್ಯೂ 11 ಐತಿ. ಅಂದ್ರ 13.6 ಏ ಹಾಕ್ಸತೀನಿ, ಅಗಲ ಹಲ್ಲಿಂದು. ಹಳೇ ಟೈರ್ ರಿಟ್ರೆಡ್ ಮಾಡ್ಸಿ, ಅಂದ್ರ ಹೊಸ ರಬ್ಬರ್ ಹಲ್ಲು ಕೂರ್ಸಿ, ಇಟ್ಕೊಳ್ಳಲೇನ್ರಿ?

ಗೋಕಾಕ, ಟೈರ್ ಅಂಗಡಿಯವರು

ಒಳಗೆ ಕೈ ಹಾಕಿ ನೋಡಿ ಸರ್. ದಾರ ಬಿಚ್ಚಿಲ್ಲ, ಪಕ್ಕಕ್ಕೆ ಸೀಳಿಲ್ಲ ಅಂದ್ರೆ ಮಾಡಿಸಬಹುದು, ಹೊಲದ ಕೆಲಸಕ್ಕೆ ನಡೆಯುತ್ತೆ. ಕಬ್ಬಿನ ಟ್ರಾಲಿಗೆ ಮಾತ್ರ ಅದನ್ನು ನಂಬಬೇಡಿ.